ಇಲ್ಲದ ಅಜ್ಜಿಯ ಸೇವೆಗೆ ನನ್ನನ್ನು ಕಳಿಸಲು ಹೊರಟ ಏಜೆಂಟ್ ಸಾಹೇಬರಿಗೆ

ಸನ್ಮಾನ್ಯ ಕನ್ಸಲ್ಟೆನ್ಸಿ ಮಾಲೀಕರೇ,

ಇವತ್ತೂ ನೀವು ಮೀಟಿಂಗಿನಲ್ಲಿದ್ದಿರಿ. ಗಾಜಿನ ಬಾಗಿಲಿನ ಕೆಳಗಿಂದ ನಿಮ್ಮ ಬೂಟು ಕಾಣುತ್ತಿತ್ತು, ಮೊಬೈಲಿನ ಕ್ರಿಕೆಟ್ ಕಾಮೆಂಟರಿಯೂ ಕೇಳುತ್ತಿತ್ತು. ಆದರೂ ರಿಸೆಪ್ಶನ್ ಹುಡುಗಿ ಮೀಟಿಂಗ್ ಅಂದಳು, ನಾನೂ ಸರಿ ಅಂದೆ. ಹೋಮ್ ನರ್ಸಿನ ನೈಟ್ ಡ್ಯೂಟಿ ಮುಗಿಸಿ ಎರಡು ಬಸ್ಸು ಬದಲಿಸಿ ಬಂದವಳು, ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಮ್ಯಾಚೂ ಮುಗಿದಿತ್ತು, ನೀವೂ ಹೊರಟುಹೋಗಿದ್ದಿರಿ. "ರೀಫಂಡ್ ಪ್ರೋಸೆಸ್‌ನಲ್ಲಿದೆ ಮ್ಯಾಡಮ್" ಅಂದಳು ಹುಡುಗಿ, ಟಿಫಿನ್ ಬಾಕ್ಸ್ ತೊಳೆಯುತ್ತ. ಅವಳ ಮೇಲೆ ನನಗೆ ಕೋಪವಿಲ್ಲ. ಅವಳ ಸಂಬಳವೂ ಪ್ರೋಸೆಸ್‌ನಲ್ಲಿದೆಯಂತೆ.

ಮುಖ ತೋರಿಸದವರಿಗೆ ಬಹಿರಂಗವಾಗಿಯೇ ಬರೆಯಬೇಕು, ಬೇರೆ ದಾರಿ ಇಲ್ಲ. ನಿಮ್ಮ ಸಂಸ್ಥೆಯ ಹೆಸರು ಹಾಕುವುದಿಲ್ಲ, ಗಾಬರಿ ಬೇಡ. ಹಾಕಿದರೆ ನಾಳೆ ಬೋರ್ಡು ಬದಲಾಯಿಸುತ್ತೀರಿ, ಹೊಸ ಬೋರ್ಡಿನ ಖರ್ಚೂ ನಮ್ಮಂಥವರ ತಲೆಗೇ ಬರುತ್ತದೆ.

ಮೊದಲು ಉಪಕಾರ ಸ್ಮರಣೆ ಮಾಡಿಬಿಡುತ್ತೇನೆ. ನಿಮ್ಮ ಕೃಪೆಯಿಂದ ನನ್ನ ಬಗ್ಗೆ ನನಗೇ ತಿಳಿಯದ ಎಷ್ಟೋ ಸಂಗತಿ ದಾಖಲೆಯಾಗಿವೆ. ನನಗೆ ಟಿ.ಬಿ. ಇಲ್ಲ. ಕೇರ್ ವರ್ಕರ್ ಆಗಿ ಬ್ರಿಟನ್ನಿಗೆ ಹೋಗುವ ವೀಸಾಕ್ಕೆ ಅಲ್ಲಿನ ಸರ್ಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಎಕ್ಸ್‌ರೇ ಆಗಬೇಕಿತ್ತು, ಆ ಸರ್ಟಿಫಿಕೇಟಿಗೆ ಆರು ತಿಂಗಳಷ್ಟೇ ಆಯುಸ್ಸು. "ಮುಂದಿನ ವಾರ ಸಿಒಎಸ್, ಅಂದರೆ ಅಲ್ಲಿನ ಕೆಲಸದ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟು, ಬರುತ್ತೆ, ಬೇಗ ಮಾಡಿಸಿ" ಅಂದಿರಿ, ಮಾಡಿಸಿದೆ. ಸರ್ಟಿಫಿಕೇಟಿನ ಆಯುಸ್ಸು ತೀರಿತು, ನಿಮ್ಮ ಮುಂದಿನ ವಾರ ಬರಲಿಲ್ಲ. ಇನ್ನೊಂದು ಸಲ ಎಕ್ಸ್‌ರೇ ಮಾಡಿಸಿದಿರಿ. ಎಂತೆಂಥ ಕೆಮ್ಮಿನವರ ಮಂಚದ ಪಕ್ಕ ರಾತ್ರಿ ಕಳೆದಿದ್ದೇನೆ, ಕೆಲಸಕ್ಕಿಟ್ಟುಕೊಂಡ ಯಾವ ಮನೆಯವರೂ ನನ್ನ ಎದೆಯೊಳಗೆ ಇಣುಕಿರಲಿಲ್ಲ. ಈ ಎರಡನೇ ಎಕ್ಸ್‌ರೇ ವಿಷಯ ಆಮೇಲೆ ಮಾತಾಡೋಣ.

ನಾನು ಅಪರಾಧಿಯಲ್ಲ ಅನ್ನುವುದಕ್ಕೆ ಪೊಲೀಸ್ ಸರ್ಟಿಫಿಕೇಟ್ ಇದೆ. ವಿಚಾರಣೆಗೆ ಬಂದವರು ಒಳ್ಳೆಯವರು. "ಅಷ್ಟು ದೂರ ಯಾಕಮ್ಮ? ನಮ್ಮತ್ತೆನ ನೋಡ್ಕೊಳ್ಳೋಕೆ ಒಬ್ರೂ ಸಿಗ್ತಿಲ್ಲ" ಅಂತ ನನ್ನ ನಂಬರ್ ಬರೆದುಕೊಂಡು ಹೋದರು.

ಇಂಗ್ಲಿಷೂ ಬರುತ್ತದೆ ಅಂತ ಸಾಬೀತಾಯಿತು. ನಿಮ್ಮ ಬೋರ್ಡಿನಲ್ಲಿ ಆಗ 'ಐಇಎಲ್‌ಟಿಎಸ್ ಬೇಡ' ಅಂತಿತ್ತು. ಅಡ್ವಾನ್ಸ್ ಕೊಟ್ಟ ಮರುದಿನ ಆ ಇಂಗ್ಲಿಷ್ ಪರೀಕ್ಷೆ ಬೇಕು ಅಂತಾಯಿತು. ಬಿ1 ಮಟ್ಟ ಸಾಕು, ಅದೇನು ಮಹಾ ಅಂದಿರಿ. ಪರೀಕ್ಷಕರು ಖುಷಿಪಟ್ಟ ಒಂದು ಪ್ರವಾಸದ ಬಗ್ಗೆ ಎರಡು ನಿಮಿಷ ಮಾತಾಡು ಅಂದರು. ಧರ್ಮಸ್ಥಳಕ್ಕೆ ಹೋದದ್ದನ್ನು ಶುರು ಮಾಡಿದೆ. ಮುಡಿ ಕೊಡುವುದು ಯಾಕೆ, ಕೊಟ್ಟ ಕೂದಲು ಏನಾಗುತ್ತದೆ ಅಂತ ಆ ಪುಣ್ಯಾತ್ಮನಿಗೆ ತಿಳಿಸುವಷ್ಟರಲ್ಲಿ ಹೊತ್ತು ಮುಗಿಯಿತು. ಪಾಸಾದೆ ಅನ್ನಿ. 'ಅಜ್ಜಿ, ಸ್ವಲ್ಪ ಸೊಂಟ ಎತ್ತಿ', 'ನಾಚ್ಕೋಬೇಡಿ, ನಾನು ನೋಡದೇ ಇರೋದಾ' ಇವನ್ನು ಯಾರೂ ಕೇಳಲಿಲ್ಲ, ಕೆಲಸ ನಡೆಯುವುದೇ ಅದರಲ್ಲಿ.

ಬ್ಯಾಂಕಿನಲ್ಲಿ 1,270 ಪೌಂಡಿನಷ್ಟು ದುಡ್ಡು 28 ದಿನ ಅಲುಗಾಡದೆ ಕೂತಿರಬೇಕು ಅಂದಿರಿ. ನಿಮಗೆ ಕೊಟ್ಟ ಮೇಲೆ ನನ್ನ ಖಾತೆಯಲ್ಲಿ ಅಲುಗಾಡುವುದಕ್ಕೆ ಏನು ಉಳಿದಿತ್ತು? ತೀರ್ಥಹಳ್ಳಿಯ ನಮ್ಮಣ್ಣ ಅಡಿಕೆ ಮಾರಿದ ದುಡ್ಡು ಹಾಕಿ, ದಿನಾ ಬೆಳಿಗ್ಗೆ ಫೋನ್ ಮಾಡಿ 'ಇದೆಯಾ?' ಅಂತ ವಿಚಾರಿಸುತ್ತಿದ್ದ.

ಹೀಗೆ ನನ್ನ ಎದೆ, ನಾಲಿಗೆ, ನಡತೆ, ಪಾಸ್‌ಬುಕ್ಕು ಎಲ್ಲವನ್ನೂ ಎರಡು ದೇಶ ಸೇರಿ ತಪಾಸಣೆ ಮಾಡಿದವು. ನಿಮ್ಮನ್ನು ತಪಾಸಣೆ ಮಾಡಿದವರು ಯಾರು ಸರ್?

ಯಾರೂ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಾನು ಡ್ಯೂಟಿಯಲ್ಲಿರುವ ಮನೆಯ ಅಜ್ಜ ನಿವೃತ್ತ ಆಡಿಟರ್. ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬಿದ್ದುಹೋಗಿವೆ. ಬಲಗೈಯ ತೋರುಬೆರಳು ಟ್ಯಾಬಿನ ಮೇಲೆ ಆಡುತ್ತದೆ, ಅಷ್ಟೇ ಸಾಕು ಅವರಿಗೆ. ರಾತ್ರಿ ನಿದ್ದೆ ಬಾರದಾಗ ನಿಮ್ಮ ಲೆಕ್ಕ ತೆಗೆಯುತ್ತಾರೆ.

ಒಂದು ರಾತ್ರಿ ಬಿದ್ದು ಬಿದ್ದು ನಕ್ಕರು. ಕ್ಯಾಥೆಟರ್ ಎಳೆದುಹೋಗುತ್ತದೇನೋ ಅಂತ ನನಗೆ ಭಯ. ಬ್ರಿಟನ್ನಿನ ಗಡಿ ಮತ್ತು ವಲಸೆ ವ್ಯವಸ್ಥೆಯ ಸ್ವತಂತ್ರ ಮುಖ್ಯ ತನಿಖಾಧಿಕಾರಿಯಾಗಿದ್ದ ಡೇವಿಡ್ ನೀಲ್ ಅವರ ವರದಿಯೊಂದು 2024ರ ಮಾರ್ಚಿನಲ್ಲಿ ಹೊರಬಂದಿತ್ತಂತೆ, ಅದು ಅಜ್ಜನ ಕೈಗೆ ಸಿಕ್ಕಿತ್ತು. ಭೂಮಿಯ ಮೇಲೇ ಇಲ್ಲದ ಒಂದು ಕೇರ್ ಹೋಮಿಗೆ 275 ಸಿಒಎಸ್ ಮಂಜೂರಾಗಿದ್ದವು. ಲೈಸೆನ್ಸ್ ಕೇಳುವಾಗ ನಮ್ಮಲ್ಲಿ ನಾಲ್ಕೇ ಜನ ಅಂದ ಇನ್ನೊಂದು ಕಂಪನಿಗೆ 1,234. "ಒಂದು ಎರಡು ಮೂರು ನಾಲ್ಕು!" ಅಂದರು ಅಜ್ಜ. "ಸುಳ್ಳು ಲೆಕ್ಕ ಬರೆಯೋ ಗುಮಾಸ್ತ ಕೂಡ ಇಷ್ಟು ಸೋಮಾರಿ ಆಗಿರ್ತಿರ್ಲಿಲ್ಲ ಕಣಮ್ಮ."

ಅಂದಿನಿಂದ ನನಗೆ ಅವಳದೇ ಧ್ಯಾನ, ಇಲ್ಲದ ಕೇರ್ ಹೋಮಿನ ಇಲ್ಲದ ಅಜ್ಜಿಯದು. ಎಂಥ ಪುಣ್ಯವಂತೆ! 275 ಜನ ಅವಳ ಸೇವೆಗೆ ವಿಮಾನ ಹತ್ತಬೇಕಿತ್ತು. ಅವಳಿಗೆ ಬೆಡ್‌ಸೋರ್ ಆಗುವುದಿಲ್ಲ. ನಡುರಾತ್ರಿ ಬಾತ್‌ರೂಮಿಗೆ ಎದ್ದು ಜಾರಿ ಬೀಳುವುದಿಲ್ಲ. ಮಾತ್ರೆಯನ್ನು ದವಡೆಯಲ್ಲಿ ಬಚ್ಚಿಟ್ಟುಕೊಂಡು ದಿಂಬಿನಡಿ ಉಗಿಯುವುದಿಲ್ಲ. ಮಗ ಫೋನ್ ಮಾಡಲಿಲ್ಲ ಅನ್ನುವ ಸಿಟ್ಟಿಗೆ ನನ್ನ ಮೇಲೆ ಗಂಜಿ ಎರಚುವುದಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಒಳ್ಳೆಯ ಪೇಷೆಂಟ್ ನನಗೆ ಸಿಕ್ಕಿಲ್ಲ.

ನೀವು ನನಗೆ ಕೊಟ್ಟ ಆಫರ್ ಲೆಟರಿನ ಕೇರ್ ಹೋಮನ್ನೂ ಅಜ್ಜ ಹುಡುಕಿದರು. ಇಂಗ್ಲೆಂಡಿನಲ್ಲಿ ಹೊರದೇಶದಿಂದ ಕೇರ್ ವರ್ಕರ್ ಕರೆಸುವವರು ಕೇರ್ ಕ್ವಾಲಿಟಿ ಕಮಿಷನ್ನಿನಲ್ಲಿ ನೋಂದಾಯಿಸಿರಬೇಕಿತ್ತು, 2024ರ ಮಾರ್ಚ್ 11ರಿಂದ ಅದು ಕಡ್ಡಾಯವಾಗಿತ್ತು. ಆ ಪಟ್ಟಿಯಲ್ಲಿ ನಿಮ್ಮವರಿಲ್ಲ. ಮ್ಯಾಪಿನಲ್ಲಿ ವಿಳಾಸ ಹಾಕಿದರೆ ಕಾರು ತೊಳೆಯುವ ಅಂಗಡಿ ಬಂತು. ಇಲ್ಲದ ಅಜ್ಜಿಗೆ ಸ್ನಾನ ಅಲ್ಲೇ ಇರಬೇಕು, ನೀರಿನ ಫೋರ್ಸ್ ಚೆನ್ನಾಗಿರುತ್ತದೆ.

ಆಮೇಲೆ ನಿಮ್ಮ ಬಿಲ್ಲು. ಅಜ್ಜ ಹಾಳೆಯ ನಡುವೆ ಗೆರೆ ಎಳೆಸಿ ಎಡಕ್ಕೆ ಸರ್ಕಾರದ ದರ, ಬಲಕ್ಕೆ ನಿಮ್ಮ ದರ ಬರೆಸಿದರು. ಸಿಒಎಸ್ ಅನ್ನುವುದು ಕಂಪ್ಯೂಟರಿನೊಳಗಿನ ಒಂದು ನಂಬರು. 2025ರ ಏಪ್ರಿಲ್‌ನಲ್ಲಿ ಅದಕ್ಕೆ 525 ಪೌಂಡ್ ಆಯಿತು, ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರದ ಆಸುಪಾಸು. ಕಟ್ಟಬೇಕಾದವರು ಕೆಲಸ ಕೊಡುವವರು. ಕೆಲಸಗಾರರ ತಲೆಗೆ ಅದನ್ನು ಕಟ್ಟುವಂತಿಲ್ಲ ಅಂತ 2024ರ ಡಿಸೆಂಬರ್ 31ರಿಂದ ಅಲ್ಲಿಯ ನಿಯಮವೇ ಇದೆ. ಮೂರು ವರ್ಷದವರೆಗಿನ ಹೆಲ್ತ್ ಅಂಡ್ ಕೇರ್ ವೀಸಾಕ್ಕೆ 2025ರಲ್ಲಿ 304 ಪೌಂಡ್ ಇತ್ತು, ಅದು ನನ್ನದು, ಒಪ್ಪಿದೆ. ನಮ್ಮ ದೇಶದ ಕಾನೂನಿನಲ್ಲಿ ನೋಂದಾಯಿತ ಏಜೆಂಟ್ ವಲಸೆ ಕೆಲಸಗಾರರಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅಂಥ ಏಜೆಂಟರ ಸರ್ಕಾರಿ ಇ-ಮೈಗ್ರೇಟ್ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿದೆವು, ಇಲ್ಲ. ಕೇಳಿದ್ದಕ್ಕೆ ನಿಮ್ಮ ಮ್ಯಾನೇಜರ್ "ನಾವು ರಿಕ್ರೂಟ್‌ಮೆಂಟ್ ಅಲ್ಲ ಮ್ಯಾಡಮ್, ಕನ್ಸಲ್ಟೆನ್ಸಿ" ಅಂದರು. ಸಲಹೆ ಕೊಡುವವರಂತೆ. ನಾಲ್ಕು ಲಕ್ಷದ ಸಲಹೆ!

ಫೈಲ್ ಓಪನಿಂಗ್, ಎಂಬಸಿ ಲಯೇಸನ್, ಪ್ರೊಫೈಲ್ ಮಾರ್ಕೆಟಿಂಗ್. ಈ ಕೊನೆಯದಕ್ಕೇ ಎಂಬತ್ತು ಸಾವಿರ. ನನ್ನ ಪ್ರೊಫೈಲನ್ನು ಯಾವ ಮಾರ್ಕೆಟ್ಟಿಗೆ ಒಯ್ದಿರಿ ಸರ್? ಇಲ್ಲದ ಅಜ್ಜಿಗೆ ನನ್ನ ಫೋಟೋ ತೋರಿಸಿದಿರಾ? ಹುಡುಗಿ ಒಪ್ಪಿಗೆ ಅಂದಳಾ?

'ಗಂಡ, ಮಗಳು ಆರು ತಿಂಗಳಲ್ಲಿ ಬರಬಹುದು' ಅಂತಲೂ ನೀವೇ ಹೇಳಿದ್ದು. ಕೇರ್ ವರ್ಕರ್‌ಗಳು ಗಂಡ, ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ಬ್ರಿಟನ್ನಿನವರು ಅದೇ 2024ರ ಮಾರ್ಚ್ 11ರಂದು ನಿಲ್ಲಿಸಿಯಾಗಿತ್ತು. ನಮ್ಮ ತಂದೆತಾಯಿಯನ್ನು ನೋಡಿಕೊಳ್ಳಲು ಬಾ, ನಿನ್ನ ಮಕ್ಕಳನ್ನು ಬಿಟ್ಟು ಬಾ ಅಂತ. ಅವರ ದೇಶ, ಅವರ ಕಾನೂನು. ನನ್ನ ಎಂಟು ವರ್ಷದ ಮಗಳಿಗೆ ಹಿಮದ ಗೊಂಬೆ ಮಾಡುವುದನ್ನು ನಿಮ್ಮ ಮೊಬೈಲಿನಲ್ಲಿ ತೋರಿಸಿದ್ದು ಮಾತ್ರ ಯಾವ ದೇಶದ ಕಾನೂನೂ ಅಲ್ಲ.

ಇನ್ನು ಎರಡನೇ ಎಕ್ಸ್‌ರೇ.

2022ರ ಫೆಬ್ರುವರಿಯಲ್ಲಿ ಬ್ರಿಟನ್ ಕೇರ್ ವರ್ಕರ್‌ಗಳಿಗೆ ಬಾಗಿಲು ತೆರೆಯಿತು. 2025ರ ಮೇ 12ರಂದು ಅಲ್ಲಿನ ಸರ್ಕಾರ ಶ್ವೇತಪತ್ರ ಹೊರಡಿಸಿ ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಕರೆಸುವುದನ್ನು ನಿಲ್ಲಿಸುತ್ತೇವೆ ಅಂತ ಲೋಕಕ್ಕೆಲ್ಲ ಹೇಳಿತು. ಜುಲೈ 22ರಂದು ನಿಲ್ಲಿಸಿಯೂ ಬಿಟ್ಟಿತು. ಮೂರೂವರೆ ವರ್ಷದಲ್ಲಿ ಅವರ ಮುದುಕರೆಲ್ಲ ಎದ್ದು ಓಡಾಡುವಂತಾದರೋ ಏನೋ, ಅದು ಬೇರೆ ಮಾತು. ನೀವು ನನ್ನಿಂದ ಎರಡನೇ ಕಂತು ಇಸಿದುಕೊಂಡದ್ದು ಜೂನಿನಲ್ಲಿ. ಎರಡನೇ ಸಲ ಎಕ್ಸ್‌ರೇಗೆ ಕಳಿಸಿದ್ದು ಆಗಸ್ಟಿನಲ್ಲಿ.

ಆಗಸ್ಟಿನಲ್ಲಿ. ಬಾಗಿಲು ಮುಚ್ಚಿ ತಿಂಗಳಾಗುತ್ತ ಬಂದಿತ್ತು. ಇಲ್ಲದ ಕೆಲಸ, ಇಲ್ಲದ ವೀಸಾ, ಅದಕ್ಕೊಂದು ಎಕ್ಸ್‌ರೇ. 'ಫೈಲ್ ಆಕ್ಟಿವ್ ಇರಬೇಕು ಮ್ಯಾಡಮ್' ಅಂದಿರಿ. ಆಕ್ಟಿವ್ ಇರಬೇಕಾದದ್ದು ಫೈಲಲ್ಲ, ನಾನು. ನಾನು ದುಡ್ಡು ಕೇಳದಂತೆ ಓಡಾಡಿಕೊಂಡಿರಲಿ ಅಂತ ನನ್ನನ್ನು ಖಾಲಿ ಹೊಟ್ಟೆಯಲ್ಲಿ ಇಡೀ ದಿನ ಕ್ಲಿನಿಕ್ಕಿನ ಕ್ಯೂನಲ್ಲಿ ನಿಲ್ಲಿಸಿದಿರಿ. ಆ ದಿನದ ಡ್ಯೂಟಿ ಹೋಯಿತು, ಸಂಬಳ ಕಟ್ಟಾಯಿತು. ಎಕ್ಸ್‌ರೇಗೆ ಖಾಲಿ ಹೊಟ್ಟೆ ಬೇಕಿಲ್ಲ ಅಂತ ನರ್ಸಾದ ನನಗೇ ಗೊತ್ತಿತ್ತು, ಆದರೂ ನಿಮ್ಮ ಮ್ಯಾನೇಜರ್ ಹೇಳಿದ್ದೇ ಸರಿಯಿರಬೇಕು, ಎಲ್ಲಿ ರಿಜೆಕ್ಟ್ ಆಗಿಬಿಡುತ್ತೋ ಅನ್ನುವ ಹೆದರಿಕೆ. ಆ ಹೆದರಿಕೆಯ ಮೇಲೆ ನಿಂತಿದೆ ನಿಮ್ಮ ಎ.ಸಿ. ಆಫೀಸು. ಇಲ್ಲದ ಅಜ್ಜಿಯ ತಮಾಷೆ ಇಲ್ಲಿಗೆ ಸಾಕು. ಇದು ಕಳ್ಳತನ. ಗಂಡನಿಗೆ ಇನ್ನೂ ಹೇಳಿಲ್ಲ, ಸೊಸೈಟಿಯಲ್ಲಿ ಸರ ಅಡವಿದೆ, ಬಡ್ಡಿ ಓಡುತ್ತಿದೆ. ನನ್ನ ದುಡ್ಡು ಕೊಡಿ.

ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದನ್ನೂ ಅಜ್ಜ ತೆಗೆದು ತೋರಿಸಿದರು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಅಲ್ಲಿನ ಕೇರ್ ಕ್ಷೇತ್ರದಲ್ಲಿ 470ಕ್ಕೂ ಹೆಚ್ಚು ಸ್ಪಾನ್ಸರ್ ಲೈಸೆನ್ಸ್ ರದ್ದಾದವು. ಅವರ ಕೈಕೆಳಗೆ ಲೆಕ್ಕಕ್ಕಿದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ಲೈಸೆನ್ಸ್ ಹೋದರೆ ಕೆಲಸದವಳಿಗೆ ಸಾಮಾನ್ಯವಾಗಿ 60 ದಿನ, ಹೊಸ ಸ್ಪಾನ್ಸರ್ ಹುಡುಕು ಇಲ್ಲ ಹೊರಡು. ಕಳ್ಳ ಕಂಪನಿಯವನು, ಗಂಟುಮೂಟೆ ಕಟ್ಟುವವಳು ನರ್ಸು. ಅದನ್ನೋದಿ ನಾನು ಹೋಗದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಸಮಾಧಾನಪಟ್ಟುಕೊಳ್ಳಬೇಕಂತೆ, ನಿಮ್ಮ ಮ್ಯಾನೇಜರ್ ಹಾಗಂತ ಮೆಸೇಜ್ ಹಾಕಿದ್ದರು, ಕೈಮುಗಿದ ಚಿತ್ರದ ಜೊತೆ.

ರೀಫಂಡಿನ ಬದಲು ನೀವು ಕಳಿಸಿದ ಹೊಸ ಪಟ್ಟಿಯೂ ತಲುಪಿದೆ. ಜಪಾನಿಗೆ 'ಅಡ್ಜಸ್ಟ್' ಮಾಡುತ್ತೀರಂತೆ. ಮೊದಲು ಜಪಾನಿ ಭಾಷೆಯ ಪರೀಕ್ಷೆ, ಆಮೇಲೆ ಕೇರ್ ಕೆಲಸದ ಪರೀಕ್ಷೆ, ಕೋಚಿಂಗ್ ಫೀಸು ನಿಮ್ಮಲ್ಲೇ. ಇಲ್ಲವಾದರೆ ಇಸ್ರೇಲ್, 'ಮಂಗಳೂರು ಕಡೆಯವರೆಲ್ಲ ಅಲ್ಲೇ ಇದ್ದಾರೆ' ಅಂತ. ಇದ್ದಾರೆ, ಗೊತ್ತು. ನನ್ನ ಜೊತೆ ಟ್ರೇನಿಂಗ್ ಮಾಡಿದ ಉಡುಪಿಯ ಗೆಳತಿ ಅಲ್ಲೇ ಇದ್ದಾಳೆ, ಸೈರನ್ ಕೂಗಿದರೆ ತೊಂಬತ್ತರ ಅಜ್ಜಿಯನ್ನು ವೀಲ್‌ಚೇರ್ ಸಮೇತ ಸುರಕ್ಷಾ ಕೋಣೆಗೆ ತಳ್ಳಿಕೊಂಡು ಓಡುತ್ತಾಳೆ. ಅವಳ ಅಜ್ಜಿ ಇದ್ದಾಳೆ, ಅಷ್ಟು ಸಾಕು ಅವಳಿಗೆ. ನನ್ನ ನಾಲ್ಕು ಲಕ್ಷವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಅಡ್ಜಸ್ಟ್ ಮಾಡಬೇಡಿ. ನನ್ನ ಖಾತೆಗೆ ಮಾಡಿ.

ಕೊನೆಯದಾಗಿ ಒಂದು ಸೂಚನೆ. ಇ-ಮೈಗ್ರೇಟ್‌ನಲ್ಲಿ ದೂರು ಹಾಕಿಯಾಗಿದೆ, ಪ್ರತಿಯನ್ನು ಠಾಣೆಗೂ ಕೊಡುತ್ತೇನೆ. ವಿಚಾರಣೆಗೆ ಬಂದಿದ್ದ ಪೊಲೀಸರ ಅತ್ತೆಯನ್ನು ನೋಡಿಕೊಳ್ಳಲು ಈಗ ನನ್ನ ತಂಗಿಯೇ ಹಗಲು ಡ್ಯೂಟಿಗೆ ಹೋಗುತ್ತಾಳೆ, ಪರಿಚಯ ಚೆನ್ನಾಗಿದೆ. ಅದಲ್ಲದೆ ಸೋಮವಾರ ನಾನು ಬರುವಾಗ ಅಜ್ಜನೂ ಬರುತ್ತಾರೆ. ಅವರದೇ ಹಟ. ನಿಮ್ಮ ಲೆಕ್ಕಪುಸ್ತಕ ನೋಡಬೇಕಂತೆ. ಎರಡನೇ ಮಹಡಿ, ಲಿಫ್ಟ್ ಕೆಟ್ಟಿದೆ, ಗೊತ್ತು. ನಿಮ್ಮ ಮ್ಯಾನೇಜರನ್ನೂ ಇನ್ನಿಬ್ಬರನ್ನೂ ಕೆಳಗೆ ಕಳಿಸಿ, ಎತ್ತುವುದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ. ಎಂಬತ್ತೆರಡು ಕೆ.ಜಿ. ಇದ್ದಾರೆ, ಇವರು ನಿಜವಾಗಿ ಇರುವ ಪೇಷೆಂಟು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಿಮ್ಮ ಸೋಫಾ ಸಾಕು. ಯೂರಿನ್ ಬ್ಯಾಗ್ ನೇತುಹಾಕಲು ಒಂದು ಮೊಳೆ ಬೇಕು, ಗೋಡೆಯ ಮೇಲಿನ ಲಂಡನ್ ಫೋಟೋ ತೆಗೆದರೆ ಅಲ್ಲೇ ಇದೆ. ಚೆಕ್ ಬೇಡ, ಆನ್‌ಲೈನ್ ಟ್ರಾನ್ಸ್‌ಫರ್ ಮಾಡಿ. ನಿಮ್ಮ ಮೀಟಿಂಗ್ ಮುಗಿಯುವವರೆಗೂ ನಾವು ಕೂತಿರುತ್ತೇವೆ, ಅಜ್ಜನಿಗೆ ಎರಡು ಹೊತ್ತಿನ ಗಂಜಿ ಕಟ್ಟಿಕೊಂಡೇ ಬರುತ್ತೇನೆ.

ಇಂತಿ,
ನಿಮ್ಮ ಆಕ್ಟಿವ್ ಫೈಲು