ರೋಮೋ, ವೆನಿಸ್ಸೋ, ಲಿಸ್ಬನ್ನೋ?

ಮೊದಲ ಯುರೋಪು ಪ್ರವಾಸ, ಸಿಕ್ಕಿದ ರಜೆ ಒಂದೇ ವಾರ. ಹಾಗಾಗಿ ನೋಡುವುದು ಒಂದೇ ಊರು. ಯಾವ ಊರು ಎನ್ನುವುದು ಮಾತ್ರ ಹೊಸಪೇಟೆಯ ನಮ್ಮ ಓಣಿಗೆಲ್ಲ ಸೇರಿದ ಸಮಸ್ಯೆಯಾಯಿತು.

ರೋಮ್ ಎಂದೆ. "ಬಿದ್ದ ಕಲ್ಲು ನೋಡಾಕ ಅಷ್ಟು ದೂರ ಯಾಕ್ರಿ? ಹಂಪಿ ಬಸ್ಸು ಹತ್ರಿ" ಎಂದಳು ಹೆಂಡತಿ. ಅವಳ ಬೆನ್ನಿಗೆ ಚರಿತ್ರೆಯೂ ನಿಂತಿತು: 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ವಿಜಯನಗರ ರೋಮಿನಷ್ಟು ದೊಡ್ಡದು ಎಂದು ಬರೆದಿಟ್ಟಿದ್ದಾನೆ. ಬರೆಯುವಾಗ ನನ್ನ ರಜೆಯ ಬಗ್ಗೆ ಅವನು ಯೋಚಿಸಬೇಕಿತ್ತು.

ವೆನಿಸ್ ಎಂದೆ. ಕಂಪ್ಲಿಯ ಮಾವ ಎಲೆಯಡಿಕೆ ಉಗುಳಿ ಬಂದು ಕೂತರು. "ದೋಣಿ ಹತ್ತಾಕ ವೀಸಾ ಬೇಕೇನು? ನಮ್ಮ ಹರಿಗೋಲು ಗಿರಗಿರ ತಿರಗತೈತಿ. ಅವರದು ತಿರಗತೈತೇನು?" ಗೊಂಡೋಲ ತಿರುಗುವುದಿಲ್ಲವೆಂದು ತಗ್ಗಿದ ದನಿಯಲ್ಲಿ ಒಪ್ಪಿದೆ. ವೆನಿಸ್ಸಿನ ನಿಕೊಲೊ ಕಾಂಟಿಯೇ ಪಾಯೆಸನಿಗಿಂತ ನೂರು ವರ್ಷ ಮೊದಲು ಇತ್ತ ಬಂದಿದ್ದನಂತೆ; ಎಲ್ಲರೂ ಇತ್ತ, ನಾನೊಬ್ಬನೇ ಅತ್ತ! ಸ್ವಿಟ್ಜರ್ಲೆಂಡಿನ ಲ್ಯೂಸರ್ನನ್ನು ಸಂಡೂರಿನ ಅತ್ತಿಗೆ ಫೋನಿನಲ್ಲೇ ಮುಗಿಸಿದರು: "ಮಳಿಗಾಲಕ್ಕ ನಮ್ಮ ಗುಡ್ಡಕ್ಕ ಬರ್ರಿ, ಕುಮಾರಸ್ವಾಮಿ ದರ್ಶನಾನೂ ಆಗತೈತಿ."

ಕೊನೆಗೆ ಲಿಸ್ಬನ್. ಪಾಯೆಸನ ನಾಡು, ನಾವೂ ಒಮ್ಮೆ ಹೋಗಿ ಬಂದರೆ ಲೆಕ್ಕ ಚುಕ್ತಾ ಎಂದು ವಾದಿಸಿದೆ. ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರೂ ಪೋರ್ಚುಗೀಸರೇ ಎಂದಾಗ ಹೆಂಡತಿಯ ಮುಖ ಅರಳಿತು.

"ಹಂಗಾರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಅಲ್ಲೇ ಸಿಗತಾವು. ಬುತ್ತಿ ಕಟ್ಟೂದು ತಪ್ಪಿತು, ಟಿಕೀಟ್ ಮಾಡಸ್ರಿ."