ಕೊಸರು: ಬಳಕೆದಾರರ ಕೈಪಿಡಿ

ಈ ಪದವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ. ಬಳಸುವ ಮುನ್ನ ಸೂಚನೆಗಳನ್ನು ಪೂರ್ತಿ ಓದಿಕೊಳ್ಳಿ.

1. ಪರಿಚಯ

ತೂಕ ಮುಗಿದ ಮೇಲೆ, ದುಡ್ಡು ಕೈ ಬದಲಾಗುವ ಹೊತ್ತಿಗೆ, ಮಾರುವವರ ಕೈಯಿಂದ ನಿಮ್ಮ ಚೀಲಕ್ಕೆ ಬೀಳುವ ಒಂದಿಷ್ಟಕ್ಕೆ ಕೊಸರು ಎಂದು ಹೆಸರು. ಇದರ ಬಳಕೆ ಕಲಿಯಲು ತುಮಕೂರಿನ ಅಂತರಸನಹಳ್ಳಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಕೈಗಾರಿಕಾ ಪ್ರದೇಶವೂ ಇದೆ, ತರಕಾರಿ ಮತ್ತು ಹೂವಿನ ಮಾರುಕಟ್ಟೆಯೂ ಇದೆ. ಕಾರ್ಖಾನೆಯಲ್ಲಿ ಅಳತೆ ಒಂದು ಕೂದಲೆಳೆ ಹೆಚ್ಚಾದರೆ ಮಾಲು ವಾಪಸ್ಸು. ಮಾರುಕಟ್ಟೆಯಲ್ಲಿ ಹೆಚ್ಚಾಗದಿದ್ದರೆ ಗಿರಾಕಿಯೇ ವಾಪಸ್ಸು.

2. ಬೇಕಾಗುವ ಸಾಮಗ್ರಿ

ತಕ್ಕಡಿ ಒಂದು, ಕೈ ಒಂದು, ನಾಲಿಗೆ ಒಂದು. ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. 2009ರ ಕಾನೂನಿನ ಪ್ರಕಾರ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ಪರೀಕ್ಷಿಸುತ್ತಾರೆ. ಅವರು ಹುಡುಕುವುದು ಕಡಿಮೆ ತೂಕವನ್ನು. ಹೆಚ್ಚು ಕೊಟ್ಟ ಕೈಗೆ ಯಾವ ಮುದ್ರೆಯೂ ಬೇಕಿಲ್ಲ.

3. ಬಳಸುವ ಕ್ರಮ

ಮೊದಲು ಚೌಕಾಸಿ. ಇದು ತೂಕಕ್ಕೆ ಮುಂಚಿನ ಕೆಲಸ, ಇಬ್ಬರೂ ಗೆಲ್ಲಲು ನೋಡುವ ಆಟ. ಆಮೇಲೆ ತೂಕ; ಮುಳ್ಳು ನಿಲ್ಲುವವರೆಗೆ ಬಾಯಿ ಮುಚ್ಚಿಕೊಂಡಿರಿ. ಹುರುಳಿಕಾಯಿ ಚೀಲಕ್ಕೆ ಬಿದ್ದ ಮೇಲೆ, "ಏನಣ್ಣ, ಬರೀ ತೂಕವೇನಾ? ಕೊಸ್ರು ಹಾಕಲ್ವಾ?" ಎನ್ನಿ. "ತಗಳಕ್ಕ, ನಿಮಗಿಲ್ದೇ ಇರುತ್ತಾ" ಎಂದು ಎರಡು ಕಾಯಿಯೋ, ಒಂದು ಹಿಡಿ ಕರಿಬೇವೋ ಬೀಳುತ್ತದೆ. ಇಲ್ಲಿ ಗಮನಿಸಿ: ಕೇಳಿದವರು ಬೇಡಿದಂತಾಗಲಿಲ್ಲ, ಕೊಟ್ಟವರು ದಾನಿಯಾಗಲಿಲ್ಲ. ಯಾರ ತಲೆಯೂ ತಗ್ಗದೆ ಕೈ ಬದಲಾಗುವ ವಸ್ತು ಇದೊಂದೇ.

4. ಮಾದರಿಗಳು

ಹೂವಿನ ಮಾದರಿ: ಹೂವು ಕಟ್ಟಿ ಮಾರುವಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಸರ ಎಳೆದು ಒಂದು ಮೊಳ ಎನ್ನುತ್ತಾಳೆ. ಆಕೆಯ ಕೈ ಗಿಡ್ಡವಿದ್ದರೆ ಮೊಳವೂ ಗಿಡ್ಡ. ದಾರ ಕತ್ತರಿಸುವ ಮುಂಚೆ ಸರವನ್ನು ಎರಡು ಬೆರಳಷ್ಟು ಮುಂದಕ್ಕೆ ಜಾರಿಸುತ್ತಾಳಲ್ಲ, ಅದನ್ನು ನೋಡಿ. ಆಕೆಯ ಕೈಯ ಕುಂದನ್ನು ಆಕೆಯ ಬೆರಳೇ ತುಂಬಿಕೊಡುತ್ತದೆ.

ಹಾಲಿನ ಮಾದರಿ: ಲೀಟರು ಅಳೆದು ಸುರಿದ ಮೇಲೆ ಕ್ಯಾನಿನಿಂದ ಇನ್ನೊಂದು ಗುಟುಕು. ಹಾಲಿಗೆ ನೀರು ಬೆರೆಸಿದ್ದರೆ ಈ ಗುಟುಕೂ ನೀರೇ, ಕಂಪನಿ ಜವಾಬ್ದಾರಿಯಲ್ಲ.

ರಾಗಿಯ ಮಾದರಿ: ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಇದ್ದ ಕಾಲದ್ದು. ಕಣದಲ್ಲಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. 1956ರ ತೂಕ-ಅಳತೆ ಕಾನೂನಿನ ಹಿಂದೆಯೇ ಕಿಲೋ ಬಂದು ಸೇರು ಹಿಂದೆ ಸರಿಯಿತು. ಕೊಸರಿಗೆ ಮಾತ್ರ ಯಾವ ಕಾನೂನೂ ಗ್ರಾಂ ಗೊತ್ತುಮಾಡಲಿಲ್ಲ, ಹಾಗಾಗಿ ಉಳಿದುಕೊಂಡಿತು.

5. ಮಾರುಕಟ್ಟೆಯ ಹೊರಗೆ

ಹೊರಟು ನಿಂತ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅರ್ಧ ಗಂಟೆ ಮಾತಾಡುತ್ತೀರಲ್ಲ, ಅದು ಮಾತಿನ ಕೊಸರು. ಒಳಗೆ ಕೂತು ಹೇಳಲಾಗದ್ದೆಲ್ಲ ಅಲ್ಲೇ, ಒಂದು ಕಾಲು ಚಪ್ಪಲಿಯಲ್ಲಿ ಇಟ್ಟುಕೊಂಡೇ ಬಾಯಿಗೆ ಬರುತ್ತದೆ. ಗಂಟೆ ಹೊಡೆದ ಮೇಲೂ ಬೋರ್ಡಿನ ಮುಂದೆ ನಿಂತು ದಡ್ಡ ಹುಡುಗನಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಔಷಧಿ ಬರೆದುಕೊಟ್ಟ ಮೇಲೆ "ಮಗಳು ಹೆರಿಗೆಗೆ ಬಂದಳಾ?" ಎಂದು ಕೇಳುವ ಡಾಕ್ಟರು, ಇವರೆಲ್ಲ ಇದೇ ಸಾಧನವನ್ನು ಬಳಸುತ್ತಿದ್ದಾರೆ. ಬದುಕನ್ನು ಕರಾರಿನಷ್ಟೇ ಬದುಕಿದರೆ ತಪ್ಪೇನಿಲ್ಲ, ಲೆಕ್ಕ ಸರಿಹೋಗುತ್ತದೆ. ಆದರೆ ನಿಮ್ಮನ್ನು ನೆನೆಯುವವರು ನೆನೆಯುವುದು ಲೆಕ್ಕದ ಆಚೆ ಬಿದ್ದದ್ದನ್ನೇ.

6. ಎಚ್ಚರಿಕೆಗಳು

ತೂಕದಲ್ಲಿ ಕದ್ದು ಕೊಸರು ಹಾಕಬೇಡಿ. ಇಡೀ ವಾರ ಮನೆಗೆ ಹೊತ್ತಿಗೆ ಬಾರದೆ ಭಾನುವಾರ ಮಸಾಲೆದೋಸೆ ಕೊಡಿಸುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ. ಕೊಸರು ಪೂರಾ ತೂಕದ ಮೇಲೆ ಮಾತ್ರ ನಿಲ್ಲುತ್ತದೆ.

ಪೊಟ್ಟಣದ ಮೇಲೆ "ಶೇಕಡಾ 20 ಹೆಚ್ಚುವರಿ" ಎಂದು ಅಚ್ಚಾಗಿದ್ದರೆ ಅದು ವ್ಯಾಪಾರ, ಕೊಸರಲ್ಲ.

ಸಿದ್ಧಗಂಗಾ ಮಠದ ದಾಸೋಹವನ್ನು ತೋರಿಸಿ ಕೊಸರನ್ನು ಹೀಗಳೆಯಬೇಡಿ. ದಾಸೋಹದಲ್ಲಿ ಅಳತೆಯೇ ಇಲ್ಲ, ಅದು ದೊಡ್ಡವರ ದಾರಿ. ಅಳೆದು ಬದುಕಲೇಬೇಕಾದ ನಮ್ಮಂಥವರಿಗೆ ಕೊಸರು.

7. ದೋಷ ಮತ್ತು ಪರಿಹಾರ

ದೋಷ: ಕೇಳಿದರೂ ಕೊಸರು ಬೀಳುತ್ತಿಲ್ಲ. ಕಾರಣ: ಚೌಕಾಸಿಯಲ್ಲೇ ಮಾರುವವರ ಹೊಟ್ಟೆಗೆ ಹೊಡೆದಿದ್ದೀರಿ. ಪರಿಹಾರ: ಮುಂದಿನ ಸಲ ಹತ್ತು ರೂಪಾಯಿ ಬಿಟ್ಟುಕೊಡಿ.

ದೋಷ: ತುಂಬ ಹೆಚ್ಚು ಬೀಳುತ್ತಿದೆ. ಕಾರಣ: ಸಂಜೆಯಾಗಿದೆ, ಸೊಪ್ಪು ಬಾಡಿದೆ. ಪರಿಹಾರ: ಸುಮ್ಮನೆ ತೆಗೆದುಕೊಳ್ಳಿ, ರಾತ್ರಿಗೆ ಬಸ್ಸಾರು ಮಾಡಿ.

ದೋಷ: ಯಾರಿಗೆ ಎಷ್ಟು ಕೊಸರು ಕೊಟ್ಟೆ ಎಂಬುದು ನೆನಪಿನಲ್ಲೇ ಉಳಿಯುತ್ತಿದೆ. ಕಾರಣ: ನೀವು ಕೊಟ್ಟದ್ದು ಸಾಲ. ಪರಿಹಾರ: ಬಡ್ಡಿ ಮನ್ನಾ ಮಾಡಿ, ಅಸಲನ್ನೂ ಮರೆಯಿರಿ.

8. ಖಾತರಿ

ಇಲ್ಲ. ಖಾತರಿ ಕೊಟ್ಟುಬಿಟ್ಟರೆ ಕೊಸರು ತೂಕದೊಳಗೇ ಸೇರಿಹೋಗುತ್ತದೆ, ಅದರ ಮೇಲೆ ನೀವು ಮತ್ತೆ "ಕೊಸ್ರು ಹಾಕಲ್ವಾ?" ಎಂದು ಕೇಳಬೇಕಾಗುತ್ತದೆ.