ದಿನಕ್ಕೆ ಮೂರು ಸಲ ಕೆಂಗಲ್

ನಮ್ಮ ಮನೆಯಲ್ಲಿ ಈಗ ದಿನಕ್ಕೆ ಮೂರು ಸಲ ಯಾರಾದರೊಬ್ಬರು ನನ್ನನ್ನು "ಕೆಂಗಲ್ ಆಯ್ತಾ?" ಎಂದು ಕೇಳುತ್ತಾರೆ. ಬೆಳಿಗ್ಗೆ ಪೇಪರಿನ ಹಿಂದಿನಿಂದ ಮಾವ, ಮಧ್ಯಾಹ್ನ ಸೊಪ್ಪು ಸೋಸುತ್ತ ಪಕ್ಕದ ಮನೆ ಅಜ್ಜಿ, ರಾತ್ರಿ ಮೊಬೈಲಿನಿಂದ ತಲೆ ಎತ್ತದೆ ಗಂಡ. ಮೂವರಿಗೂ ನಾನು ತಲೆ ಬಗ್ಗಿಸಿ "ಹ್ಞೂಂ, ಆಯ್ತು" ಅನ್ನುತ್ತೇನೆ. ಈ ಮೂವರಲ್ಲಿ ಕೇಳಿದ್ದರ ಅರ್ಥ ಗೊತ್ತಿರುವುದು ಗಂಡನಿಗೆ ಮಾತ್ರ. ಕೇಳಿ ನಗುತ್ತಾನೆ ಬೇರೆ. ಅದಕ್ಕೇ ಅವನಿಗೆ ಉತ್ತರದ ಜೊತೆ ಒಂದು ದಿಂಬೂ ಹೋಗಿ ಬೀಳುತ್ತದೆ. ಅತ್ತೆ ಮಾತ್ರ ಕೇಳುವುದನ್ನು ಬಿಟ್ಟಿದ್ದಾರೆ.

ಮೊದಲಿನಿಂದ ಹೇಳುತ್ತೇನೆ. ನನ್ನ ತವರು ಮಾಗಡಿ, ಸೇರಿದ ಮನೆ ರಾಮನಗರದ ಐಜೂರು. ಚೊಚ್ಚಲ ಬಾಣಂತನ ಮಾಗಡಿಯಲ್ಲಾಯಿತು. ಅಮ್ಮ ನನ್ನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಹೊಟ್ಟೆಗೆ ತನ್ನ ಹಳೇ ಸೀರೆ ಬಿಗಿದು ಕೂರಿಸಿದಳು. ನೆಲಕ್ಕೆ ಕಾಲಿಟ್ಟರೆ ಶೀತ, ಕಿಟಕಿ ತೆಗೆದರೆ ಗಾಳಿ, ಪುಸ್ತಕ ಹಿಡಿದರೆ ಕಣ್ಣಿಗೆ ಕೇಡು. ಮಾಡಬಹುದಾಗಿದ್ದ ಕೆಲಸ ತಿನ್ನುವುದೊಂದೇ. ಬೆಳ್ಳುಳ್ಳಿ, ಮೆಣಸು, ಕೊಬ್ಬರಿ, ತುಪ್ಪ, ಮತ್ತೆ ತುಪ್ಪ. ಮೂರು ತಿಂಗಳು ಮುಗಿಸಿ, ಮಗಳನ್ನೆತ್ತಿಕೊಂಡು ಐಜೂರಿನ ಹೊಸ್ತಿಲು ದಾಟುವಾಗ ಆರತಿ ತಟ್ಟೆ ಹಿಡಿದಿದ್ದ ಚಿಕ್ಕತ್ತೆ ನನ್ನ ಹೊಟ್ಟೆ ನೋಡಿ, "ಅವಳಿ ಏನವ್ವ? ಇನ್ನೊಂದ್ನ ಒಳಗೇ ಇಟ್ಕಂಡ್ ಬಂದೀಯಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ ಎಂದು ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು.

ಅವತ್ತೇ ವ್ಯಾಯಾಮದ ಶಪಥ ಮಾಡಿದೆ. ಹೆತ್ತವಳಿಗೂ ವಾರಕ್ಕೆ 150 ನಿಮಿಷ ಮೈ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯವರು 2020ರ ಮಾರ್ಗಸೂಚಿಯಲ್ಲಿ ಬರೆದಿದ್ದಾರೆ. ದಿನಕ್ಕೆ ಇಪ್ಪತ್ತೊಂದು ನಿಮಿಷ ಚಿಲ್ಲರೆ, ಏನು ಮಹಾ! ಆದರೆ ಬರೆದವರು ಜಿನೀವಾದಲ್ಲಿ ಕೂತವರು, ನನ್ನ ಮಗಳು ಐಜೂರಿನಲ್ಲಿ ಮಲಗುವವಳು. ಅವಳ ಒಂದು ನಿದ್ದೆ ಎಂದರೆ ಹನ್ನೆರಡು ನಿಮಿಷ. ಅದರಲ್ಲಿ ಚಾಪೆ ಹಾಸಲು ಒಂದು, ಕುಕ್ಕರ್ ಕೂಗುವ ಮೊದಲೇ ಓಡಿ ಒಲೆ ಆರಿಸಲು ಒಂದು, ಮಲಗಿದ್ದಾಳೋ ನಾಟಕವೋ ಎಂದು ಬಗ್ಗಿ ನೋಡಲು ನಾಲ್ಕು. ಉಳಿದ ಆರು ನಿಮಿಷದಲ್ಲಿ ನಾನೂ ಮಲಗಿಬಿಡುತ್ತಿದ್ದೆ.

ಬೆಳಿಗ್ಗೆ ಬೇಗ ಎದ್ದು ನಡೆಯೋಣ ಎಂದು ಒಂದು ದಿನ ರೇಷ್ಮೆ ಗೂಡಿನ ಮಾರುಕಟ್ಟೆ ಕಡೆಗೆ ಹೊರಟೆ. ಅಲ್ಲಿಗೆ ಗೂಡು ತರುವವರೂ ಕೊಳ್ಳುವವರೂ ಮಾವನ ಪರಿಚಯದವರೇ. ನಾನು ತಿರುಗಿ ಮನೆ ಮುಟ್ಟುವಷ್ಟರಲ್ಲಿ ಮಾವನಿಗೆ ಐದು ಫೋನು: "ನಿಮ್ಮ ಸೊಸೆ ಬಿರಬಿರನೆ ಬಸ್‌ಸ್ಟ್ಯಾಂಡ್ ಕಡೆ ಹೋಗ್ತಿದ್ರು, ಮನೇಲೇನಾದ್ರೂ ಮಾತು ಬಂತಾ ಯಜಮಾನ್ರೇ?" ವಾಕಿಂಗ್ ಅಲ್ಲಿಗೆ ನಿಂತಿತು.

ಒಂದು ಭಾನುವಾರ ರಾಮದೇವರ ಬೆಟ್ಟ ಹತ್ತಿದೆ. ಮಗುವನ್ನು ಗಂಡ ಎದೆಗೆ ಕಟ್ಟಿಕೊಂಡಿದ್ದ. 'ಶೋಲೆ'ಯ ಬಂಡೆಗಳನ್ನು ನೋಡುತ್ತ ಅರ್ಧ ದಾರಿಗೆ ಬಂದವಳು ಉಸ್ಸೆಂದು ಕೂತೆ. 2012ರಿಂದ ಅದು ರಣಹದ್ದುಗಳ ಧಾಮ. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲೊಂದೋ, ಬರೀ ಗಿಡುಗವೋ, ನನ್ನ ತಲೆಯ ಮೇಲೆ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಗಂಡ ಮೇಲೆ ನೋಡಿ, ನನ್ನನ್ನು ನೋಡಿ, "ಸ್ವಲ್ಪ ಅಲ್ಲಾಡ್ತಾ ಇರು" ಎಂದ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವಿಗೆ ಕೂರುತ್ತವೆ ಎಂಬುದನ್ನು ಅವನಿಗೆ ಅಲ್ಲೇ, ಏದುಸಿರಿನಲ್ಲೇ ಹೇಳಿದೆ.

ಡಂಬೆಲ್ ಎತ್ತಿ ಎಂದಳು ಮೊಬೈಲಿನ ಹುಡುಗಿ. ನಾದಿನಿ ಚನ್ನಪಟ್ಟಣದಿಂದ ತಂದ ಗಿಲಕಿ ಮನೆಯಲ್ಲಿತ್ತು. ಆಲೆ ಮರದ್ದು, ಅರಗಿನ ಬಣ್ಣ ಫಳಫಳ ಹೊಳೆಯುವಂಥದ್ದು, ಎರಡು ತುದಿಗೆ ಗುಂಡು, ನಡುವೆ ಹಿಡಿ. ಥೇಟು ಡಂಬೆಲ್ಲೇ. ಎತ್ತಿದೆ. ಗಿಲಗಿಲ ಎಂದಿತು. ಮಗಳು ಎದ್ದಳು.

ಇದನ್ನೆಲ್ಲ ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ಪಕ್ಕದ ಮನೆ ಅಜ್ಜಿ, "ನಮ್ ಕಾಲ್ದಲ್ಲಿ ಬೀಸಾದು, ಕುಟ್ಟಾದು, ನೀರ್ ಸೇದಾದು. ನಿಮ್ ಮಾಗಡಿ ಸೀಮೆ ತಿಮ್ಮಕ್ಕನ್ನೇ ನೋಡು, ಬಿಂದಿಗೆ ಹೊತ್ಕಂಡು ಮೈಲಿಗಟ್ಲೆ ನಡುದ್ರು. ಯಾವ ಚಾಪೆ ಹಾಸಿದ್ರವ್ವ?" ಎಂದರು. ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಾಲು ಎಬ್ಬಿಸಿದ ಸಾಲುಮರದ ತಿಮ್ಮಕ್ಕನ ಹೆಸರೆತ್ತಿದರೆ ಮಾಗಡಿಯವಳು ಎದುರಾಡುವಂತಿಲ್ಲ. "ಅವರಿಗೆ ರಾತ್ರಿ ಹೊತ್ತಾದರೂ ನಿದ್ದೆ ಇತ್ತಲ್ಲ ಅಜ್ಜಿ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಕ್ಕಳಿಲ್ಲದ ನೋವಿಗೆ ಸಸಿ ನೆಟ್ಟ ತಾಯಿ ಅವರು. ಅವರ ನಿದ್ದೆಯ ಲೆಕ್ಕ ಹಾಕಲು ನಾನ್ಯಾರು?

ಇಷ್ಟರಲ್ಲಿ ಇನ್ನೊಂದು ಫಜೀತಿ. ಹೇಗೆ ಬರೆಯುವುದೋ ತಿಳಿಯದು. ಸೀನು ಬಂದರೆ ಬರೀ ಸೀನು ಬರುತ್ತಿರಲಿಲ್ಲ. ಹೆತ್ತವರಿಗೆ ಅರ್ಥವಾಗಿರುತ್ತದೆ, ಉಳಿದವರು ಮುಂದೆ ಓದಿ.

ಡಾಕ್ಟರ ಬಳಿ ಹೋದಾಗ ಅವರು ಹೇಳಿದ್ದು ಕೆಗೆಲ್. ಅರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞ 1948ರಲ್ಲಿ ಬರೆದು ಹೆಸರಾದ ವ್ಯಾಯಾಮ. ಕಿಬ್ಬೊಟ್ಟೆಯ ತಳದಲ್ಲಿ ಗರ್ಭಕೋಶವನ್ನೂ ಮೂತ್ರಕೋಶವನ್ನೂ ಜೋಲಿಯ ಹಾಗೆ ಹೊತ್ತುಕೊಂಡ ಸ್ನಾಯುಗಳಿವೆಯಂತೆ, ಹೆರಿಗೆಯಲ್ಲಿ ಆ ಜೋಲಿ ಸಡಿಲವಾಗುತ್ತದಂತೆ. ಅದನ್ನು ಬಿಗಿಹಿಡಿದು, ಐದು ಎಣಿಸಿ, ಬಿಡಬೇಕು. ಅಷ್ಟೇ. "ಕೆಗೆಲ್ ಮಾಡಮ್ಮ. ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು. ಮೂರು ತಿಂಗಳು ಬಿಡದೆ ಮಾಡಿದ್ರೆ ಫಲ ಸಿಗುತ್ತೆ. ಕೂತಲ್ಲೇ ಮಾಡಬಹುದು, ಪಕ್ಕದಲ್ಲಿರೋರಿಗೂ ಗೊತ್ತಾಗಲ್ಲ" ಎಂದರು ಡಾಕ್ಟರು. ಬಾಗಿಲ ಬಳಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದ ಅತ್ತೆಗೆ ಕೇಳಿಸಿದ್ದು ಕೆಂಗಲ್.

ಅವರದೇನು ತಪ್ಪು? ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹಳೇ ಮೈಸೂರು ರಸ್ತೆಯಲ್ಲಿ, ಕೆಂಗಲ್ ಆಂಜನೇಯ ಇದ್ದಾನೆ. ಕೆಂಪು ಕಲ್ಲಿನವನು, ಅದಕ್ಕೇ ಕೆಂಗಲ್. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದಿರುವುದೂ ಇವನ ಊರೇ, ಸಂಕ್ರಾಂತಿ ಹೊತ್ತಿಗೆ ಅಯ್ಯನಗುಡಿ ದನದ ಜಾತ್ರೆ ಸೇರುವುದೂ ಇಲ್ಲೇ. ಇವನನ್ನು ಬಿಟ್ಟು ನಮ್ಮ ಸೀಮೆಯ ಕಿವಿಗೆ ಅಮೆರಿಕದ ಡಾಕ್ಟರು ಹೊಳೆಯುವುದಾದರೂ ಹೇಗೆ?

"ಅಷ್ಟು ಓದಿರೋ ಡಾಕ್ಟ್ರಮ್ಮ, ಆದ್ರೂ ದೇವ್ರು ಅಂದ್ರೆ ಎಂಥ ಭಕ್ತಿ ನೋಡವ್ವ" ಎಂದು ಅತ್ತೆ ಆಟೋದಲ್ಲಿ ಕಣ್ಣೊರೆಸಿಕೊಂಡರು. ತಿದ್ದಲು ಬಾಯಿ ತೆರೆದೆ. ಡ್ರೈವರು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಮುಚ್ಚಿದೆ. ಮನೆಯಲ್ಲಿ ಮಾವ ಎದುರಾದರು. ಅಲ್ಲೂ ಬಾಯಿ ತೆರೆದೆ. ಆದರೆ ಮಾವನ ಮುಂದೆ ಸೊಸೆ ಹೇಳಬಹುದಾದ ಅಂಗಗಳು ಕನ್ನಡದಲ್ಲಿ ಸೊಂಟಕ್ಕೆ ಮುಗಿಯುತ್ತವೆ, ಮತ್ತೆ ಶುರುವಾಗುವುದು ಮಂಡಿಯಿಂದ.

"ದಿನಕ್ ಮೂರ್ ಸಲ ಹೆಂಗ್ ಹೋಗಾಕಾಯ್ತದೆ? ಆಟೋ ಚಾರ್ಜು?" ಎಂದು ಮಾವ ತಕರಾರೆತ್ತಿದರು.

"ಅದ್ಕೇಯ ಕೂತಲ್ಲೇ ಮಾಡು ಅಂದವ್ರೆ. ಮನಸ್ನಲ್ಲೇ ಹತ್ ಸುತ್ತು. ಶನ್ವಾರ ಮಾತ್ರ ಹೋಗ್ ಬರಾದು. ಪಕ್ಕದಲ್ಲಿರೋರ್ಗೂ ತಿಳೀಬಾರ್ದಂತೆ."

"ಅದು ಭಕ್ತಿ ಅಂದ್ರೆ" ಎಂದು ಮಾವ ಒಪ್ಪಿದರು.

ಏಳು ಶನಿವಾರ ಸುಮ್ಮನೆ ಸುತ್ತಿ ಬಂದೆ. ಎಂಟನೆಯ ಶನಿವಾರ ಬುದ್ಧಿ ಓಡಿತು. ಹೇಗೂ ಸುತ್ತುತ್ತೇನೆ, ಜೊತೆಗೆ ಕೆಗೆಲ್ಲೂ ಆಗಲಿ, ನಡಿಗೆಗೆ ನಡಿಗೆ, ಹರಕೆಗೆ ಹರಕೆ. ಹೆಜ್ಜೆಗೊಂದು ಎಣಿಕೆ. ಗುಡಿಯ ಹಿಂಗೋಡೆ ಬಂದರೆ ಹಿಡಿ, ಮೂಲೆ ತಿರುಗಿದರೆ ಬಿಡು. ಎರಡು ಸುತ್ತು ಸೊಗಸಾಗಿ ಹೋಯಿತು. ಮೂರನೆಯದರಲ್ಲಿ ಸುತ್ತಿನ ಲೆಕ್ಕಕ್ಕೂ ಹಿಡಿತದ ಲೆಕ್ಕಕ್ಕೂ ಗಂಟು ಬಿತ್ತು. ಇದು ಮೂರನೇ ಸುತ್ತಿನ ಐದೋ, ಐದನೇ ಸುತ್ತಿನ ಮೂರೋ? ಅನುಮಾನ ಬಂದರೆ ಮೊದಲಿನಿಂದ ಎಂದು ಅತ್ತೆಯ ಶಾಸ್ತ್ರ. ಮೊದಲಿನಿಂದ. ಪಕ್ಕಕ್ಕೆ ಬಂದ ಪರಿಚಯದ ಹೆಂಗಸೊಬ್ಬರು "ಚೆನ್ನಾಗಿದ್ದೀರಾ? ಮಗು ಹೇಗಿದೆ?" ಎಂದರು. ನಾನು ಹಿಡಿದಿದ್ದೆ, ನಾಲ್ಕರಲ್ಲಿದ್ದೆ. ಹಲ್ಲು ಕಚ್ಚಿಕೊಂಡೇ ತಲೆಯಾಡಿಸಿದೆ. ಅವರು ನನ್ನ ನಿಷ್ಠೆಗೆ ಕೈಮುಗಿದು ದಾರಿ ಬಿಟ್ಟರು. ಉಸಿರು ಕಟ್ಟಬಾರದು, ಮುಖ ಬಿಗಿಯಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಎರಡನ್ನೂ ಮಾಡುತ್ತಿದ್ದೆ. ಮಂಗಳಾರತಿಗೆ ಬಂದು ನಿಲ್ಲುವ ಹೊತ್ತಿಗೆ ಆಂಜನೇಯನೂ ನಾನೂ ಒಂದೇ ಬಣ್ಣಕ್ಕೆ ಬಂದಿದ್ದೆವು.

"ಯಾಕ್ ತಾಯಿ, ಹುಷಾರಿಲ್ವಾ?" ಎಂದರು ಪೂಜಾರರು.

"ಕೆಂಗಲ್ ಮಾಡ್ತಾವ್ಳೆ ಸ್ವಾಮಿ" ಎಂದು ಅತ್ತೆ ಪಿಸುಗುಟ್ಟಿದರು.

"ಕೆಂಗಲ್‌ಗೆ ಬಂದಾಯ್ತಲ್ಲಮ್ಮ, ಇನ್ನೇನ್ ಮಾಡೋದು?"

"ಒಳಗೊಳಗೇ ಮಾಡಾದು ಸ್ವಾಮಿ. ಡಾಕ್ಟ್ರು ಹೇಳವ್ರೆ."

ಪೂಜಾರರು ನನ್ನನ್ನೊಮ್ಮೆ, ದೇವರನ್ನೊಮ್ಮೆ ನೋಡಿ ಆರತಿ ತಟ್ಟೆಯನ್ನು ಮುಂದೆ ಚಾಚಿದರು. ಕರ್ಪೂರದ ಹೊಗೆ ನೇರ ಮೂಗಿಗೆ ಬಂತು. ಸೀನು ಹೊರಟಿತು. ಹೊರಟ ಸೀನು ಮೂಗು ಮುಟ್ಟುವ ಮೊದಲು ಒಂದು ಗಳಿಗೆ ನಿಲ್ಲುತ್ತದಲ್ಲ, ಆ ಗಳಿಗೆಯಲ್ಲಿ ನನಗೆ ಎಲ್ಲವೂ ಕಂಡಿತು: ಉಟ್ಟಿದ್ದ ತಿಳಿ ಹಳದಿ ಸೀರೆ, ಹಿಂದಿನ ಸಾಲಿನ ಜನ, ಮಾವ, ಮನೆಯವರೆಗಿನ ಆಟೋ. ಎರಡು ತಿಂಗಳ ಓದಿಗೆ ಹೇಳದೆ ಕೇಳದೆ ಪರೀಕ್ಷೆ. ಹಿಡಿದೆ. ಸೀನಿದೆ. ಪೂಜಾರರ ಕೈಯ ತಟ್ಟೆ ನಡುಗಿತು, ಮಗು ಬೆಚ್ಚಿತು. ಮತ್ತೇನೂ ಆಗಲಿಲ್ಲ. ಏನೆಂದರೆ ಏನೂ! ಗೆದ್ದ ಪೈಲ್ವಾನನ ಹಾಗೆ ತೊಡೆ ತಟ್ಟಬೇಕು ಅನ್ನಿಸಿತು. ಗರಡಿಮನೆಯ ದೇವರೇ ಎದುರಿಗಿದ್ದ, ಬೇಡವೆನ್ನುತ್ತಿರಲಿಲ್ಲ.

"ಅಯ್ಯೋ, ದೇವ್ರ ಮುಂದೆ ಒಂಟಿ ಸೀನು!" ಎಂದು ಅತ್ತೆ ಗಾಬರಿಯಾದರು. "ಇನ್ನೊಂದ್ ಸೀನವ್ವ. ಬೇಗ ಸೀನು." ಬಂದರೆ ತಾನೇ? ನಾನು ಮೂಗು ಉಜ್ಜುತ್ತ ನಿಂತಿದ್ದಾಗ ಅದೇ ಹೊಗೆ ಅತ್ತೆಯ ಕಡೆ ತಿರುಗಿತು. ಅವರೇ ಸೀನಿದರು. "ಜೋಡಿ ಆಯ್ತು ಬಿಡಿ" ಎಂದು ಪೂಜಾರರು ನಕ್ಕರು. ಮಾವನೂ ನಕ್ಕರು.

ನಾನು ಅತ್ತೆಯನ್ನು ನೋಡಿದೆ. ಸೀನು ಬರುವ ಮೊದಲೇ ಅವರ ಕೈ ಪಕ್ಕದ ಕಂಬ ಹಿಡಿದಿತ್ತು. ಒಂದು ಕಾಲು ಇನ್ನೊಂದರ ಮೇಲೆ ಕತ್ತರಿ ಹಾಕಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿ, ತೆರೆದು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗನ್ನು ಹಿಂದಿನಿಂದ ಸೊಂಟಕ್ಕೆ ಸುತ್ತಿಕೊಂಡರು. ಎಷ್ಟು ಸಲೀಸಾಗಿ ಮಾಡಿದರೆಂದರೆ, ಅದು ಇವತ್ತಿನ ಅಭ್ಯಾಸವಲ್ಲ.

ಮದುವೆಮನೆಗೆ ಹೋಗುವ ಹಿಂದಿನ ರಾತ್ರಿಯಿಂದಲೇ ಅತ್ತೆ ನೀರು ಮುಟ್ಟುವುದಿಲ್ಲ. ಧರ್ಮಸ್ಥಳದ ಬಸ್ಸಿಗೆ ಹೆಸರು ಬರೆಸಿ, ಹೊರಡುವ ಹೊತ್ತಿಗೆ ತಲೆನೋವು ಅನ್ನುತ್ತಾರೆ. ಕೆಮ್ಮು ಬಂದರೆ ಬಚ್ಚಲಿಗೆ ಓಡುತ್ತಾರೆ. ಇದನ್ನು ನಾವು ಮಡಿ ಎಂದಿದ್ದೆವು, ಹಟ ಎಂದಿದ್ದೆವು. ನಾಲ್ಕು ಹೆತ್ತವರು ಅವರು. ಆಗ ಮನೆಯ ಹಿತ್ತಿಲಲ್ಲೇ ಚರಕಗಳಿದ್ದವು. ರೇಷ್ಮೆ ಗೂಡು ಯಾರಿಗೂ ಕಾಯುವುದಿಲ್ಲ. ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ, ಒಂದೇ ಎಳೆಯಾಗಿ ಬಿಚ್ಚಬೇಕಾದ ನೂಲು ತುಂಡು ತುಂಡಾಗುತ್ತದೆ. ಬಾಣಂತಿ ಕಾಯಬಹುದು. ಮೂರನೆಯದು ಹುಟ್ಟಿ ಇಪ್ಪತ್ತನೇ ದಿನಕ್ಕೆ ಕುದಿನೀರಿನ ಮುಂದೆ ಕೂತು ನೂಲು ತೆಗೆದೆ ಎಂದು ಅತ್ತೆ ಯಾವಾಗಲೋ ಹೆಮ್ಮೆಯಿಂದ ಹೇಳಿದ್ದರು. ಬಾಣಂತಿಖಾರದ ಉಂಡೆ ಮೆಲ್ಲುತ್ತ ಕೇಳಿಸಿಕೊಂಡಿದ್ದೆ.

ಅವತ್ತು ಮಧ್ಯಾಹ್ನ ಮಾವ ಮಲಗಿದ ಮೇಲೆ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತೆವು. "ಅತ್ತೆ, ಅದು ಕೆಂಗಲ್ ಅಲ್ಲ" ಎಂದೆ. ಎಲ್ಲ ಹೇಳಿದೆ. ಸೊಂಟಕ್ಕೂ ಮಂಡಿಗೂ ನಡುವಿನದನ್ನೂ ಹೇಳಿದೆ. ಅವರು ತಲೆ ಎತ್ತಲಿಲ್ಲ, ಕಾಯಿ ಮೇಲೆ ಕಾಯಿ ಸುಲಿದರು. ಒಂದು ಮೊರ ಸಿಪ್ಪೆಯಾದ ಮೇಲೆ ಕೇಳಿದರು:

"ಸೀನಿದ್ರೂ ಆಗಾಕಿಲ್ವಾ?"

"ಇವತ್ತು ಆಗಲಿಲ್ಲ."

"ಈ ವಯಸ್ನಲ್ಲೂ ಸರಿ ಹೋಯ್ತದಾ?"

"ಸೋಮವಾರ ಡಾಕ್ಟ್ರನ್ನ ಕೇಳೋಣ. ಇಬ್ಬರೂ ಹೋಗೋಣ."

"ನಿನ್ ಗಂಡನ್ ವಯಸ್ಸಾಯ್ತು ಕಣವ್ವ ಇದುಕ್ಕೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹೆಂಗೆ, ಹೇಳು ಮತ್ತೆ."

"ಹಿಡೀರಿ. ಉಸಿರು ಕಟ್ಟಬೇಡಿ. ಒಂದು. ಎರಡು."

ಮಾವ ಎದ್ದು ಬಂದಿದ್ದು ಗೊತ್ತಾಗಲಿಲ್ಲ. "ಇದೇನು, ಅತ್ತೆ ಸೊಸೆ ಕೂತ್ಕಂಡು ಎಣಿಸ್ತಾ ಇದೀರಿ?"

"ಕಾಳು" ಎಂದರು ಅತ್ತೆ, ಹಲ್ಲು ಕಚ್ಚಿಕೊಂಡೇ. ಅವರು ಮೂರರಲ್ಲಿದ್ದರು.